ಮೂಕಿಯ ಖಾಲಿ ಮಗ್ಗುಲು

ಚಿತ್ರಗಾರ್ತಿ ಫ್ರೌ ಲ್ಯೂಡರ್ಸ್ ಮೂರನೆಯ ದಿನವೂ ಬಂದಾಗ ನಾನು ಡೈರಿಯ ಕೆಲಸ ಮುಗಿಸಿ ಆಗತಾನೇ ಮನೆಗೆ ಬಂದಿದ್ದೆ. ಬೂಟು ಕಳಚಲೂ ಮನಸ್ಸಾಗದೆ ಅಡುಗೆಮನೆಯ ಬೆಂಚಿನ ಮೇಲೆ ಕೂತಿದ್ದೆ. ನಸುಕಿನಲ್ಲೇ ಎದ್ದು ಹಾಲಿನ ಕ್ಯಾನು ತೊಳೆಯುವವಳಿಗೆ ಮಧ್ಯಾಹ್ನ ಎರಡು ಗಂಟೆ ಎಂದರೆ ದಿನ ಮುಗಿದ ಹಾಗೆ. ಆಕೆ ಕಿಟಕಿಯ ಗಾಜು ತಟ್ಟಿದರು. ಬಗಲಲ್ಲಿ ಚಿತ್ರದ ಹಲಗೆ, ತುಟಿಯಲ್ಲಿ ಹೊತ್ತಿಸದ ಸಿಗರೇಟು.

"ನಿಮ್ಮ ಮುದುಕಿ ಇವತ್ತು ಹೇಗಿದ್ದಾಳೆ, ಫ್ರೌ ಕಾಲ್‌ವೈಟ್?"

"ಯಾವ ಮುದುಕಿ? ಲಾಯದಲ್ಲಿರೋಳಾ, ಇಲ್ಲಿ ಕೂತಿರೋಳಾ?"

"ಇಬ್ರೂ ಹಲ್ಲು ತೋರಿಸ್ತಿಲ್ಲ. ಹೆಂಗೆ ಹೇಳೋದು?"

"ಹಲ್ಲು ತೋರಿಸಿದ್ರೆ ವಯಸ್ಸು ಗೊತ್ತಾಗಿಬಿಡುತ್ತಲ್ಲ."

ಆಕೆ ನಕ್ಕರು. ನನಗಿಂತ ಹತ್ತು ವರ್ಷ ದೊಡ್ಡವರು, ಸೊಂಟ ನೋವು, ಹೆಣ್ಣುಮಕ್ಕಳ ಶಾಲೆಯಲ್ಲಿ ಚಿತ್ರ ಕಲಿಸುತ್ತಿದ್ದರು. ಹುಟ್ಟಿ ಬೆಳೆದದ್ದೆಲ್ಲ ಇಲ್ಲಿಯೇ, ಹೋಲ್‌ಸ್ಟೈನಿನಲ್ಲಿ. ನಮ್ಮ ಪೂರ್ವ ಪ್ರಷ್ಯದ ಕಡೆಯವರಲ್ಲ. ಅದಕ್ಕೇ ನಮ್ಮ ಕುದುರೆಗಳ ಬಗ್ಗೆ ಕೇಳಿ ಕೇಳಿ ಬರೆದುಕೊಳ್ಳುತ್ತಿದ್ದರು.

ಕುದುರೆ ಸಾಕುವವರ ಸಂಘದ ಹೊಸ ಸಭಾಂಗಣಕ್ಕೆ ಐದು ದೊಡ್ಡ ಚಿತ್ರ ಬೇಕಾಗಿತ್ತು, ಟ್ರಾಕೇನರ್ ತಳಿಯ ಕಥೆ ಹೇಳುವಂಥವು. ಮೊದಲನೆಯದರಲ್ಲಿ ರಾಜನ ಸಿಪಾಯಿಗಳು ಕುದುರೆಗಳ ಹುಲ್ಲುಗಾವಲಿಗಾಗಿ ಜೌಗು ಅಗೆಯುತ್ತಿದ್ದರು, ಇನ್ನೂರು ಚಿಲ್ಲರೆ ವರ್ಷದ ಹಿಂದೆ. ಎರಡನೆಯದರಲ್ಲಿ ಅರಬ್ಬೀ ಗಂಡುಕುದುರೆ, ಇಂಗ್ಲಿಷ್ ಗಂಡುಕುದುರೆ, ನಮ್ಮ ಪೂರ್ವ ಪ್ರಷ್ಯದ ಗಿಡ್ಡ ಹೆಣ್ಣುಕುದುರೆ, ಪಕ್ಕದಲ್ಲಿ ಅವರೆಲ್ಲರ ರಕ್ತದಿಂದ ಹುಟ್ಟಿದ ಉದ್ದ ಕತ್ತಿನ ಮರಿ. ಮೂರನೆಯದರಲ್ಲಿ ಸವಾರಪಡೆ, ದೂರದಲ್ಲಿ ನೇಗಿಲು ಎಳೆಯುವ ಜೋಡಿ. ಐದನೆಯದರಲ್ಲಿ ಇಲ್ಲಿನ ಹಸಿರು, ಹೊಸ ಮರಿಗಳು. ಅವೆರಡರ ನಡುವಿನ ನಾಲ್ಕನೆಯದು ನಾವು: ನಲವತ್ತೈದರ ಜನವರಿ, ಹೆಪ್ಪುಗಟ್ಟಿದ ಹಿನ್ನೀರಿನ ಮೇಲೆ, ಯುದ್ಧಕ್ಕೆ ಹೆದರಿ ಊರು ಬಿಟ್ಟು ಪಶ್ಚಿಮಕ್ಕೆ ಹೊರಟವರ ಗಾಡಿಗಳ ಸಾಲು. ಮೊದಲ ಮೂರು ಚಿತ್ರಗಳಲ್ಲಿ ಹೆಂಗಸರಿಲ್ಲ. ನಾಲ್ಕನೆಯದರಲ್ಲಿ ಗಂಡಸರಿಲ್ಲ. ನಾನು ಇದನ್ನು ಹೇಳಿದಾಗ ಫ್ರೌ ಲ್ಯೂಡರ್ಸ್ "ಹೌದಲ್ವಾ" ಎಂದಷ್ಟೇ ಹೇಳಿದರು.

ಆ ಹಿಮ ದಾಟಿ ಬಂದ ಕುದುರೆಗಳಲ್ಲಿ ಇನ್ನೂ ಬದುಕಿರುವವು ಬೆರಳೆಣಿಕೆ. ನಮ್ಮ ಮಿಮೋಸಾ ಅವುಗಳಲ್ಲಿ ಒಬ್ಬಳು. ಇಪ್ಪತ್ಮೂರು ವರ್ಷ, ಕಣ್ಣಿನ ಮೇಲೆ ಗುಳಿ ಬಿದ್ದಿದೆ, ಎಡತೊಡೆಯ ಮೇಲೆ ಎಲ್ಕ್ ಜಿಂಕೆಯ ಜೋಡಿ ಕೊಂಬಿನ, ನಮ್ಮ ತಳಿಯ ಮುದ್ರೆ ಮಾತ್ರ ಇನ್ನೂ ಕಾಣುತ್ತದೆ. ಅವಳನ್ನು ನೋಡಿ ಬರೆಯಿರಿ ಎಂದು ಚಿತ್ರಗಾರ್ತಿಗೆ ಹೇಳಿದವಳು ನನ್ನ ಮಗಳು ರೆನಾಟೆ. ಸಂಘದ ಕಚೇರಿಯಲ್ಲಿ ಅವಳು ಟೈಪಿಸ್ಟ್. ವಂಶಾವಳಿಯ ಪುಸ್ತಕ ಅವಳ ಕೈಯಲ್ಲೇ ಇರುವುದು.

ಆ ಕೆಲಸಕ್ಕೆ ಅವಳು ಸೇರಿದ್ದು ಯಾಕೆಂದು ನನಗೆ ಗೊತ್ತಿತ್ತು. ಪೆರ್ಲೆಯನ್ನು ಹುಡುಕುವುದಕ್ಕೆ.

ನಮ್ಮ ಗಾಡಿಗೆ ಕಟ್ಟಿದ್ದವು ಎರಡು. ಎಡಕ್ಕೆ ಮಿಮೋಸಾ, ಬಲಕ್ಕೆ ಪೆರ್ಲೆ. ರೆನಾಟೆಗೆ ಆಗ ಆರು ವರ್ಷ. ನಡೆಯುವುದಕ್ಕೂ ಮೊದಲು ಅವಳನ್ನು ಪೆರ್ಲೆಯ ಬೆನ್ನ ಮೇಲೆ ಕೂರಿಸಿದ್ದರು ಅವಳಪ್ಪ. ಹಿಮ ದಾಟಿ ದಡ ಸೇರಿದ ಮೇಲೆ ಮಗು ಕೇಳಿತು, ಪೆರ್ಲೆ ಎಲ್ಲಿ? ನಾನು ಹೇಳಿದೆ: ಸೈನ್ಯದ ಡಾಕ್ಟರೊಬ್ಬರು ಕೇಳಿದರು, ಕೊಟ್ಟೆ, ಅವರ ಲಾಯ ಬೆಚ್ಚಗಿದೆ. ನಾಲ್ಕು ದಿನ ನಿದ್ದೆ ಮಾಡದ ಹೆಂಗಸಿಗೆ ಹೊಳೆದದ್ದು ಅಷ್ಟೇ. ಆ ಸುಳ್ಳು ಹದಿಮೂರು ವರ್ಷ ಬಾಳುತ್ತದೆ ಎಂದು ಯಾರಿಗೆ ಗೊತ್ತಿತ್ತು?

ನಮ್ಮಲ್ಲಿ ಮರಿಗೆ ತಾಯಿಯ ಹೆಸರಿನ ಮೊದಲ ಅಕ್ಷರವನ್ನೇ ಇಡುವುದು. ಪಾಲ್ಮೆ ಹೆತ್ತದ್ದು ಪೆರ್ಲೆಯನ್ನು. ಪೆರ್ಲೆ ಎಲ್ಲಿಯೇ ಇದ್ದರೂ ಅವಳ ಮರಿಗಳು 'ಪ'ದಿಂದಲೇ ಶುರುವಾಗಬೇಕು ಎಂಬುದು ರೆನಾಟೆಯ ಲೆಕ್ಕ. ತಾಯಿ ಯಾರೆಂದು ಗೊತ್ತಿಲ್ಲದ ಯಾವುದೇ 'ಪ' ಕುದುರೆ ಪುಸ್ತಕಕ್ಕೆ ಬಂದರೆ ಅವಳು ಕಾಗದ ಬರೆಯುತ್ತಿದ್ದಳು. ಹಿಂದಿನ ವರ್ಷ ಗಡಿಯ ಹತ್ತಿರ ಯಾರದೋ ಲಾಯದಲ್ಲಿ ಅಂಥದ್ದೊಂದು ಕೆಂಗಂದು ಹೆಣ್ಣು ಇದೆ ಎಂದು ತಿಳಿದು, ಮೂರು ಬಸ್ಸು ಬದಲಿಸಿ ಹೋಗಿಬಂದಳು. ನೆನೆದ ಬೂಟಿನಲ್ಲಿ ಬಾಗಿಲಲ್ಲಿ ನಿಂತು, "ಅವಳ ಮಗಳಲ್ಲಮ್ಮ. ಕಾಲು ಬೇರೆ ಥರ" ಎಂದಳು. ನಾನು ಬಿಸಿನೀರು ಕಾಯಿಸಿ ಕೊಟ್ಟೆ. ಹೇಳಬೇಕಾದ್ದನ್ನು ಹೇಳದೆ ಅವಳ ಬೂಟನ್ನು ಒಲೆಯ ಹತ್ತಿರ ಒಣಗಲು ಇಟ್ಟೆ. ಹಾಗೆ ಎಷ್ಟು ಸಲ ಆಗಿದೆಯೋ.

ಫ್ರೌ ಲ್ಯೂಡರ್ಸ್ ಅಂದು ಮಿಮೋಸಾಳನ್ನು ಬರೆಯಲು ಹೋಗಲಿಲ್ಲ. ಹಲಗೆಯನ್ನು ಮೇಜಿನ ಮೇಲಿಟ್ಟು, "ನಾಲ್ಕನೇದರ ಕರಡು ಆಯ್ತು. ತಪ್ಪಿದ್ರೆ ಬೈದುಬಿಡಿ" ಎಂದರು.

ಇದ್ದಿಲಿನಲ್ಲಿ ಬರೆದದ್ದು. ಬಿಳಿಯ ಬಯಲು, ಗಾಡಿ, ತಲೆಗೆ ಬಟ್ಟೆ ಕಟ್ಟಿದ ಹೆಂಗಸು, ಗಾಡಿಯಿಂದ ಮುಂದಕ್ಕೆ ಚಾಚಿದ ಮರದ ಮೂಕಿಯ ಎರಡೂ ಮಗ್ಗುಲಿಗೆ ಎರಡು ಕುದುರೆ. ಬಲಗಡೆಯದರ ಎಡಹಿಂಗಾಲು ಬಿಳಿ, ಹಣೆಯ ಮೇಲೆ ಬಾದಾಮಿಯಷ್ಟು ಬಿಳಿಚುಕ್ಕೆ. ಕಿವಿ ಸ್ವಲ್ಪ ಹೊರಗೆ ಬಾಗಿದೆ. ಅವಳು ಹಾಗೇ ಇದ್ದದ್ದು. ಗಾಳಿಗೆ ಎದುರಾದಾಗ ಕಿವಿಯನ್ನು ಹಾಗೇ ಇಡುತ್ತಿದ್ದಳು.

"ನಿಮ್ಮ ಮಗಳು ಹೇಳಿದ್ದು" ಎಂದರು ಆಕೆ. "ಏನ್ ನೆನಪು ಆ ಹುಡುಗೀದು! ಆಗ ಆರು ವರ್ಷದೋಳು, ಈಗ ಕಿವಿ ಸಮೇತ ಹೇಳಿದ್ಲು."

ನಾನು ಎದ್ದು ಒಲೆಯ ಹತ್ತಿರ ಹೋದೆ. ಅಲ್ಲಿ ಮಾಡುವ ಕೆಲಸವೇನೂ ಇರಲಿಲ್ಲ.

"ಇವಳನ್ನ ತೆಗೀರಿ."

"ಹಾಂ?"

"ಬಲಗಡೆಯೋಳನ್ನ. ಅಳಿಸಿ. ದಡದ ಹತ್ರ ಬಂದಾಗ ಇವಳು ಇರ್ಲಿಲ್ಲ."

ಆಕೆ ಕುರ್ಚಿ ಎಳೆದು ಕೂತರು. "ಮೊದಲ ದಿನದಿಂದ ನೋಡ್ತಿದೀನಿ, ನಿಮ್ಮ ಬಲಭುಜ ಕೆಳಗಿದೆ. ಕ್ಯಾನು ಹೊತ್ತು ಅಂದ್ಕೊಂಡಿದ್ದೆ" ಎಂದರು.

ಆಗ ಹೇಳಿದೆ. ಹಿಮದ ಮೇಲೆ ಗೇಣುದ್ದ ನೀರು ನಿಂತಿತ್ತು. ವಿಮಾನಗಳು ಹಿಂದಿನ ದಿನ ಬಾಂಬು ಹಾಕಿ ಒಡೆದದ್ದು ರಾತ್ರಿ ತೆಳ್ಳಗೆ ಕೂಡಿಕೊಂಡಿತ್ತು, ಮೇಲಿನಿಂದ ಕಾಣುತ್ತಿರಲಿಲ್ಲ. ಪೆರ್ಲೆಯ ಹಿಂಗಾಲು ಮೊದಲು ಹೋಯಿತು, ಆಮೇಲೆ ಸೊಂಟ. ಮೂಕಿ ವಾಲಿತು. ಮಿಮೋಸಾ ಕಾಲು ಅಗಲಿಸಿ ಬಗ್ಗಿ ನಿಂತಳು, ಅವಳ ಗೊರಸೂ ಜಾರುತ್ತಿತ್ತು. ಗಾಡಿಯಲ್ಲಿ ಗರಿಯ ಹೊದಿಕೆಯ ಕೆಳಗೆ ನನ್ನ ಅತ್ತೆ ಮತ್ತು ಮಗು. ಬ್ರೆಡ್ಡು ಕೊಯ್ಯುವ ಚಾಕು ನನ್ನ ಚೀಲದಲ್ಲಿತ್ತು. ಪೆರ್ಲೆಯ ಕತ್ತನ್ನು ಮೂಕಿಯ ತುದಿಗೆ ಬಿಗಿದಿದ್ದ ಪಟ್ಟಿ, ಗಾಡಿ ಎಳೆಯುವ ಚರ್ಮದ ಮಿಣಿ, ಎರಡನ್ನೂ ಕೊಯ್ದೆ. ಆಮೇಲೆ ಅವಳ ಮಿಣಿಯ ತುಂಡನ್ನು ನನ್ನ ಬಲಭುಜಕ್ಕೆ ಹಾಕಿಕೊಂಡು ಮೂಕಿಯ ಆ ಮಗ್ಗುಲಲ್ಲಿ ನಡೆದೆ. ಎರಡು ಕುದುರೆಯ ಗಾಡಿಯನ್ನು ಒಂದೇ ಎಳೆದರೆ ಅದು ಒಂದು ಕಡೆಗೇ ತಿರುಗುತ್ತದೆ. ನೇರ ಹೋಗಬೇಕಾದರೆ ಆ ಕಡೆ ಯಾರಾದರೂ ಬೇಕು.

"ಹಂಗಾದ್ರೆ ನಿಮ್ಮನ್ನೇ ಅಲ್ಲಿ ಬರೀತೀನಿ. ಭುಜಕ್ಕೆ ಮಿಣಿ ಹಾಕ್ಕೊಂಡು."

"ಬೇಡ. ನೋಡಿದೋರೆಲ್ಲ ಅಯ್ಯೋ ಪಾಪ ಅಂತಾರೆ. ಅದನ್ನ ಹೊರೋಕೆ ನನ್ನ ಕೈಲಿ ಆಗಲ್ಲ. ಆ ಜಾಗ ಖಾಲಿ ಬಿಡಿ, ಸಾಕು."

"ರೆನಾಟೆಗೆ ಗೊತ್ತಾ?"

"ಇಲ್ಲ."

"ಹೇಳ್ತೀರಾ?"

"ಹೇಳ್ತೀನಿ. ಚಿತ್ರ ಆಗೋದ್ರೊಳಗೆ ಹೇಳ್ತೀನಿ."

ಚಿತ್ರ ಮುಗಿಯಲು ಏಳು ವಾರ ಹಿಡಿಯಿತು. ನಾನು ಹೇಳಲಿಲ್ಲ. ಒಂದು ದಿನ ಅವಳಿಗೆ ನೆಗಡಿ, ಒಂದು ದಿನ ನನಗೆ ಸುಸ್ತು, ಒಂದು ದಿನ ಅವಳು ಹೊಸ ಅಂಗಿ ತೊಟ್ಟು ಖುಷಿಯಾಗಿದ್ದಳು. ಆ ಏಳು ವಾರದಲ್ಲಿ ಪಕ್ಕದ ಮನೆಯ ಮಿನ್ನಾ ಶಿಮ್‌ಕಾಟ್ ಮೂರು ಸಲ ಆಲೂಗಡ್ಡೆ ರೊಟ್ಟಿ ತಂದುಕೊಟ್ಟು ಮೂರು ಸಲವೂ ಬೈದು ಹೋದಳು. ಅಂದು ಹಿಮದ ಮೇಲೆ ನಮ್ಮ ಹಿಂದಿನ ಗಾಡಿ ಅವಳದು. ನೋಡಿದವಳು ಅವಳೊಬ್ಬಳೇ.

"ಮಗಳು ಬಸ್ಸಿಗೆ ಸುರೀತಿರೋ ಕಾಸಲ್ಲಿ ಇನ್ನೊಂದು ಕುದುರೆ ಬರ್ತಿತ್ತು ಕಣೇ. ನೀನು ಹೇಳ್ತೀಯೋ, ನಾನು ಹೇಳ್ಲೋ?"

"ಬಾಯಿ ಮುಚ್ಕೊಂಡು ರೊಟ್ಟಿ ಕೊಡು, ಮಿನ್ನಾ."

"ರೊಟ್ಟಿಗೆ ಮಾತ್ರ ನಿನ್ನ ಬಾಯಿ ತೆರೆಯುತ್ತೆ."

ಚಿತ್ರಗಳನ್ನು ಗೋಡೆಗೆ ಏರಿಸಿದ ದಿನ, ಉದ್ಘಾಟನೆಗೆ ಇನ್ನು ಮೂರು ದಿನವಿರುವಾಗ, ಸಂಘದವರು ನಮ್ಮನ್ನು ಕರೆದರು. ಹಿಮ ದಾಟಿ ಬಂದವರು ನೋಡಿ ಒಪ್ಪಲಿ ಎಂದು. ಅಧ್ಯಕ್ಷ ಫೊನ್ ಡಾರ್ಗಿಟ್ಸ್ ಅವರು ಕೋಲೂರಿಕೊಂಡು ಬಾಗಿಲಲ್ಲೇ ನಿಂತು ಒಬ್ಬೊಬ್ಬರ ಕೈ ಕುಲುಕಿದರು. ನಮ್ಮ ಕಡೆ ದೊಡ್ಡ ಲಾಯ ಇದ್ದವರು, ಈಗ ಅವರದೂ ಬಾಡಿಗೆ ಮನೆ. ಕಮಿಟಿಯ ನಾಲ್ಕಾರು ಗಂಡಸರು, ನಾವು ಏಳೆಂಟು ಹೆಂಗಸರು. ಟೈಪಿಂಗ್ ಬಿಟ್ಟು ರೆನಾಟೆಯೂ ಬಂದಳು. ಗೋಡೆಯ ಮೂಲೆಯಲ್ಲಿ ಫ್ರೌ ಲ್ಯೂಡರ್ಸ್ ಸ್ಟೂಲಿನ ಮೇಲೆ ಕೂತು ಸೊಂಟ ಒತ್ತಿಕೊಳ್ಳುತ್ತಿದ್ದರು.

ಮೊದಲ ಮೂರು ಚಿತ್ರಗಳ ಮುಂದೆ ಗಂಡಸರು ಬಹಳ ಹೊತ್ತು ಕಳೆದರು. ಅರಬ್ಬಿಯ ಬಾಲ ಇನ್ನಷ್ಟು ಎತ್ತರ ಇರಬೇಕಿತ್ತು ಎಂದ ಒಬ್ಬ. ಸವಾರನ ಬೂಟು ಬೇರೆ ರೆಜಿಮೆಂಟಿನದು ಎಂದ ಇನ್ನೊಬ್ಬ. ಆಮೇಲೆ ಎಲ್ಲರೂ ನಾಲ್ಕನೆಯದರ ಮುಂದೆ ಬಂದರು.

ಆಕೆ ಚೆನ್ನಾಗಿ ಬರೆದಿದ್ದರು. ಹಿಮ ಬಿಳಿಯಾಗಿರಲಿಲ್ಲ, ಹಳೆಯ ಹಲ್ಲಿನ ಬಣ್ಣಕ್ಕಿತ್ತು. ಮಿಮೋಸಾ ತಲೆ ತಗ್ಗಿಸಿ ಎಳೆಯುತ್ತಿದ್ದಳು, ಮೈಯ ಆವಿ ಕಾಣುತ್ತಿತ್ತು. ಹೆಂಗಸು ಅವಳ ಕತ್ತಿನ ಆಚೆಗೆ ಅರ್ಧ ಮರೆಯಾಗಿದ್ದಳು, ಮುಖವಿಲ್ಲ. ಮೂಕಿಯ ಬಲಮಗ್ಗುಲು ಖಾಲಿ. ಗಾಡಿಯ ಮುಂದಿನ ಅಡ್ಡಮರದಿಂದ ಎರಡು ಮಿಣಿಯ ತುಂಡು ನೀರಿನಲ್ಲಿ ಎಳೆದುಕೊಂಡು ಬರುತ್ತಿದ್ದವು.

ನಾನು ಮಿನ್ನಾಳ ಪಕ್ಕಕ್ಕೆ ಸರಿದು ನಿಂತೆ.

"ಎಲಾ ಇವಳ!" ಎಂದ ಕಮಿಟಿಯ ದಪ್ಪನೆಯ ಗಂಡಸು. "ಒಂದು ಕುದುರೇನೇ ಮರ್ತುಬಿಟ್ಟಿದಾರಲ್ಲ!"

ನಗು ಹಬ್ಬಿತು. "ಕಂದು ಬಣ್ಣ ಖರ್ಚಾಗಿಹೋಗಿರ್ಬೇಕು." "ಹೋಲ್‌ಸ್ಟೈನಿನೋರಿಗೆ ಒಂದು ಕುದುರೇನೇ ಜಾಸ್ತಿ." "ಮೂಕಿ ಗಾಡೀನ ಒಂಟಿ ಕುದುರೆ ಎಳೆಯುತ್ತಾ? ನೋಡೋಕೆ ಬಂದ ಹಳ್ಳಿಯೋರು ನಗ್ತಾರೆ."

ಫ್ರೌ ಲ್ಯೂಡರ್ಸ್ ನನ್ನ ಕಡೆ ನೋಡಲಿಲ್ಲ. ಸ್ಟೂಲಿನಿಂದ ಏಳದೆ, "ನನಗೆ ನಿಮ್ಮ ಗಾಡಿಗಳ ವಿಷಯ ಅಷ್ಟು ಗೊತ್ತಿಲ್ಲ" ಎಂದರು. ನನ್ನ ಪಾಲಿನ ನಗೆಯನ್ನು ಆಕೆ ತಮ್ಮ ಮೇಲೆ ಹಾಕಿಕೊಂಡರು.

"ಬೇಜಾರು ಮಾಡ್ಕೋಬೇಡಿ" ಎಂದರು ಅಧ್ಯಕ್ಷರು. "ಚಿತ್ರ ಬಹಳ ಚೆನ್ನಾಗಿದೆ. ಶನಿವಾರದೊಳಗೆ ಇನ್ನೊಂದು ಸೇರಿಸೋಕಾಗುತ್ತಾ?"

ಆಗ ರೆನಾಟೆ ಮುಂದೆ ಬಂದಳು. ಅವಳ ಕೆನ್ನೆ ಕೆಂಪಾಗಿತ್ತು.

"ಅದು ಪೆರ್ಲೆ ಜಾಗ. ನಾನು ಎಲ್ಲಾ ಹೇಳಿದ್ದೆನಲ್ಲ ನಿಮಗೆ, ಫ್ರೌ ಲ್ಯೂಡರ್ಸ್? ಬಿಳಿ ಕಾಲು, ಬಿಳಿ ಚುಕ್ಕೆ. ಹಿಮದ ಮೇಲೆ ಇಬ್ರೂ ಇದ್ರು. ಡಾಕ್ಟರು ಅವಳನ್ನ ತಗೊಂಡಿದ್ದು ದಡ ಸೇರಿದ ಮೇಲೆ. ಅಲ್ವಾ ಅಮ್ಮ? ಹೇಳಮ್ಮ ಅವರಿಗೆ."

ಎಲ್ಲರೂ ನನ್ನ ಕಡೆ ತಿರುಗಿದರು. ಮಿನ್ನಾ ಮಾತ್ರ ಚಿತ್ರವನ್ನೇ ನೋಡುತ್ತಿದ್ದಳು. ಅವಳು ಏನಾದರೂ ಅಂದಿದ್ದರೆ ನನಗೆ ಸುಲಭವಾಗುತ್ತಿತ್ತು.

ಹೌದು ಅಂದರೆ ಮುಗಿಯಿತು. ಎರಡು ದಿನದಲ್ಲಿ ಪೆರ್ಲೆ ಗೋಡೆಯ ಮೇಲೆ ಎದ್ದು ನಿಲ್ಲುತ್ತಾಳೆ, ಕಿವಿ ಹೊರಗೆ ಬಾಗಿಸಿ, ನಾನು ಸತ್ತ ಮೇಲೂ ಹಾಗೇ ಎಳೆಯುತ್ತಿರುತ್ತಾಳೆ. ಅದರಲ್ಲಿ ಯಾರಿಗೇನು ನಷ್ಟ ಎಂದುಕೊಂಡೆ. ಆದರೆ ರೆನಾಟೆ ಆ ಚಿತ್ರದ ಕೆಳಗಿನ ಕೋಣೆಯಲ್ಲೇ ಕೂತು ಕಾಗದ ಟೈಪು ಮಾಡುತ್ತಾಳೆ. ಅವಳಿಗೆ ಮೂವತ್ತಾಗುತ್ತದೆ, ನಲವತ್ತಾಗುತ್ತದೆ. ಮೂರು ಬಸ್ಸು ಬದಲಿಸಿ ಹೋಗುತ್ತಲೇ ಇರುತ್ತಾಳೆ. ನಾನು ಬಿಸಿನೀರು ಕಾಯಿಸುತ್ತಲೇ ಇರುತ್ತೇನೆ. ನನಗೆ ಧೈರ್ಯ ಬಂದದ್ದಲ್ಲ. ಇನ್ನೊಂದು ಸಲ ಆ ಡಾಕ್ಟರನ್ನು ಎಬ್ಬಿಸಿ ನಿಲ್ಲಿಸುವಷ್ಟು ಶಕ್ತಿ ಇರಲಿಲ್ಲ, ಅಷ್ಟೇ.

"ಚಿತ್ರ ಸರಿ ಇದೆ" ಎಂದೆ. "ಅವರು ಮರೆತಿಲ್ಲ. ನಾನೇ ತೆಗೆಸಿದ್ದು. ಆ ಹೊತ್ತಿಗೆ ಒಂದೇ ಇದ್ದದ್ದು."

"ಅಮ್ಮ?"

"ಡಾಕ್ಟರು ಅಂತ ಯಾರೂ ಇರ್ಲಿಲ್ಲ ರೆನಾಟೆ. ಹಿಮ ಒಡೀತು. ನಾನು ಕೊಯ್ದೆ, ಬ್ರೆಡ್ ಚಾಕೂಲಿ."

ದಪ್ಪನೆಯ ಗಂಡಸು ಟೋಪಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. ಹಿಂದೆ ಯಾರೋ ಹೆಂಗಸು ಮೂಗು ಒರೆಸಿಕೊಂಡಳು. ರೆನಾಟೆಯ ಮುಖದ ಕೆಂಪು ಇಳಿಯುತ್ತಾ ಬಂದು ಕಾಗದದಂತಾಯಿತು. ಅವಳು ಚಿತ್ರವನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಆ ಎರಡು ಮಿಣಿಯ ತುಂಡುಗಳನ್ನು ನೋಡಿದಳು.

ಅಧ್ಯಕ್ಷರು ಕೋಲೂರಿಕೊಂಡು ನನ್ನ ಹತ್ತಿರ ಬಂದರು. ಸಮಾಧಾನದ ಮಾತು ಹೇಳುತ್ತಾರೆ, ನಾನು ಅತ್ತುಬಿಡುತ್ತೇನೆ ಎಂದು ಹೆದರಿದೆ. ಅವರು ತಗ್ಗಿದ ದನಿಯಲ್ಲಿ ಕೇಳಿದರು:

"ಮೊದಲು ಏನು ಕೊಯ್ದ್ರಿ? ಮಿಣೀನಾ, ಮೂಕಿ ತುದಿ ಪಟ್ಟೀನಾ?"

"ಮೂಕಿ ಪಟ್ಟಿ."

"ಹ್ಞೂಂ." ತಲೆಯಾಡಿಸಿದರು. "ನಮ್ಮ ಲಾಯದ ಹೆಂಗಸು ಮಿಣಿ ಮೊದಲು ಕೊಯ್ದ್ಲು. ಮೂಕಿ ಕೆಳಗೆ ಎಳೀತು. ಎರಡೂ ಹೋದವು, ಗಾಡೀನೂ ಹೋಯ್ತು. ನೀವು ಸರಿಯಾಗಿ ಮಾಡಿದೀರಿ, ಫ್ರೌ ಕಾಲ್‌ವೈಟ್."

ಹದಿಮೂರು ವರ್ಷದಲ್ಲಿ ಕೊಯ್ದದ್ದರ ಬಗ್ಗೆ ಯಾರಾದರೂ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ಉತ್ತರ ನನಗೆ ಗೊತ್ತಿತ್ತು.

ಅವರು ತಿರುಗಿ ಕಮಿಟಿಯವರಿಗೆ, "ಇದನ್ನ ಹಾಗೇ ಬಿಡಿ. ಕೇಳಿದೋರಿಗೆ ಹೇಳೋಣ" ಎಂದರು. ನಾನು ಕೋಟು ತೆಗೆದುಕೊಂಡು ಹೊರಗೆ ಬಂದೆ. ಮಿನ್ನಾ ಜೊತೆಗೆ ಬರಲು ಹೊರಟವಳು ಯಾಕೋ ನಿಂತುಬಿಟ್ಟಳು. ನನ್ನ ಹಿಂದೆ ಬಂದದ್ದು ರೆನಾಟೆಯ ಹೆಜ್ಜೆ.

ರಸ್ತೆಯುದ್ದಕ್ಕೂ ಅವಳು ನನ್ನ ಪಕ್ಕಕ್ಕೆ ಬರಲಿಲ್ಲ. ನಾಲ್ಕು ಹೆಜ್ಜೆ ಹಿಂದೆಯೇ ಇದ್ದಳು. ಬೇಕರಿ ದಾಟಿದ ಮೇಲೆ ಶುರುಮಾಡಿದಳು.

"ಎಷ್ಟು ಕಾಗದ ಬರೆದಿದೀನಿ ಗೊತ್ತಾ ನಿನಗೆ?"

"ಗೊತ್ತು."

"ಸ್ಟಾಂಪು ನೀನೇ ಹಚ್ಚಿ ಕೊಟ್ಟಿದೀಯ! ನಾಲಿಗೇಲಿ ನೆಕ್ಕಿ ನೆಕ್ಕಿ ಹಚ್ಚಿ ಕೊಟ್ಟಿದೀಯ!"

"ಹೌದು."

"ಹೌದು, ಹೌದು. ಇನ್ನೇನೂ ಇಲ್ವಾ ಹೇಳೋಕೆ?"

ಇತ್ತು. ನೀನು ಪ್ರತಿ ಸಲ ಹೊರಟಾಗಲೂ ನಿನ್ನ ಮುಖದಲ್ಲಿ ಒಂದು ಬೆಳಕು ಬರುತ್ತಿತ್ತು, ನಿನ್ನಪ್ಪ ಯುದ್ಧದಿಂದ ವಾಪಸು ಬರುವುದಿಲ್ಲ ಎಂದು ಗೊತ್ತಾದ ಮೇಲೆ ಅದೊಂದೇ ಬೆಳಕು ನಮ್ಮ ಮನೆಯಲ್ಲಿದ್ದದ್ದು ಎಂದು ಹೇಳಬಹುದಾಗಿತ್ತು. ಅದೂ ಒಂದು ನೆಪವೇ. ನಾನು ರೈಲು ಹಳಿಯ ಕಡೆಗೆ ನಡೆದೆ.

ರೈಲ್ವೆ ಗೇಟು ಹಾಕಿತ್ತು. ಇಬ್ಬರೂ ನಿಲ್ಲಬೇಕಾಯಿತು. ಅವಳು ಈಗ ಪಕ್ಕದಲ್ಲಿದ್ದಳು, ಬೇರೆ ದಾರಿ ಇರಲಿಲ್ಲ. ಗೂಡ್ಸ್ ಗಾಡಿ ದೂರದಲ್ಲಿ ಕಾಣುತ್ತಿತ್ತು. ಇನ್ನೂ ಬಂದಿರಲಿಲ್ಲ.

"ಕೂಗಿದ್ಲಾ?" ಎಂದು ಕೇಳಿದಳು.

ಕುದುರೆಯ ಕೂಗು ಎಂಥದ್ದೆಂದು ಅವಳಿಗೂ ಗೊತ್ತು, ನನಗೂ ಗೊತ್ತು.

"ಕೂಗಿದ್ಲು."

"ತುಂಬಾ ಹೊತ್ತಾ?"

"ಹೌದು. ನಾವು ಮುಂದೆ ಹೋದ ಮೇಲೂ."

"ನಾನು ಗಾಡಿಯಲ್ಲೇ ಇದ್ನಲ್ಲ. ನನಗೆ ಯಾಕೆ ಕೇಳಿಸ್ಲಿಲ್ಲ?"

"ಅಜ್ಜಿ ನಿನ್ನ ಕಿವಿ ಮುಚ್ಚಿದ್ರು. ಎರಡೂ ಕೈಲಿ. ಆ ದಡ ಸೇರೋವರೆಗೂ ತೆಗೀಲೇ ಇಲ್ಲ."

ನನ್ನ ಅತ್ತೆ ಅದೇ ಫೆಬ್ರವರಿಯಲ್ಲಿ ಒಂದು ಶಾಲೆಯ ನೆಲದ ಮೇಲೆ ತೀರಿಕೊಂಡರು. ಅವರೂ ಆ ವಿಷಯ ಮಾತಾಡಲಿಲ್ಲ.

"ಚಳಿಗೆ ಅಂದ್ಕೊಂಡಿದ್ದೆ" ಎಂದಳು ರೆನಾಟೆ. "ಅಜ್ಜಿ ಕೈ ಎಷ್ಟು ಬಿಗಿ ಇತ್ತು ಅಂದ್ರೆ ನೋವಾಗ್ತಿತ್ತು. ಬಿಡು ಅಂತ ಅತ್ತಿದ್ದೆ. ಬಿಡ್ಲಿಲ್ಲ."

ಗೂಡ್ಸ್ ಗಾಡಿ ಬಂತು. ಕಲ್ಲಿದ್ದಲಿನ ಡಬ್ಬಿಗಳು ಒಂದಾದ ಮೇಲೊಂದು ಹೋಗುತ್ತಿರುವಾಗ ಅವಳು ಏನೋ ಹೇಳಿದಳು, ನನಗೆ ಕೇಳಿಸಲಿಲ್ಲ. ಮತ್ತೆ ಹೇಳು ಎಂದು ಕೇಳಲೂ ಇಲ್ಲ. ಡಬ್ಬಿಗಳು ಮುಗಿದ ಮೇಲೆ ಗೇಟು ಎತ್ತಿದರು. ಸೈಕಲ್ಲಿನವರು ನಮ್ಮನ್ನು ದಾಟಿಕೊಂಡು ಹೋದರು. ಅವಳು ತಕ್ಷಣ ಹೆಜ್ಜೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಗೇಟಿನವನು ತನ್ನ ಗುಡಿಸಲಿನ ಬಾಗಿಲಿಗೆ ಬಂದು, "ಏನ್ರಮ್ಮಾ, ಹೋಗ್ತೀರೋ ಇಲ್ಲೇ ಇರ್ತೀರೋ?" ಎಂದು ಕೂಗಿದ.

"ಹೋಗ್ತೀವಿ" ಎಂದಳು ರೆನಾಟೆ. ಹಳಿ ದಾಟುವಾಗ ನಾನು ಹಿಂದೆ ಬಿದ್ದೆ. ಅವಳು ತಿರುಗಿ ನೋಡಲಿಲ್ಲ, ಆದರೆ ನಾನು ಹತ್ತಿರ ಬರುವವರೆಗೆ ಆ ಬದಿಯಲ್ಲಿ ನಿಂತಿದ್ದಳು.